ಓದುವ ಮೊದಲೇ ಕೇಳಿದ ಕವಿತೆಗಳು

ಕೆ.ಎಸ್. ನರಸಿಂಹಸ್ವಾಮಿಯವರನ್ನು ನಾನು ಮೊದಲು ಓದಿದವಳಲ್ಲ, ಕೇಳಿದವಳು. ಅದೂ ಅಡುಗೆಮನೆಯಲ್ಲಿ. ನಮ್ಮ ಟೇಪ್ ರೆಕಾರ್ಡರ್ ಇದ್ದದ್ದು ಫ್ರಿಜ್ಜಿನ ಮೇಲೆ. ಅಮ್ಮ ಚಪಾತಿ ಹಿಟ್ಟು ಕಲಸುತ್ತಿದ್ದಾಗಲೇ ಎ ಸೈಡ್ ಮುಗಿದು ಬಟನ್ ಟಕ್ಕೆಂದು ಮೇಲೆ ಬರುತ್ತಿತ್ತು. 'ನನ್ ಕೈ ಹಿಟ್ಟಾಗಿದೆ, ಸ್ವಲ್ಪ ತಿರುಗಿಸಿ ಹಾಕೇ' ಎಂದು ಕೂಗುತ್ತಿದ್ದಳು. ನಾನು ಹೋಮ್‌ವರ್ಕ್ ಬಿಟ್ಟು ಎದ್ದು ಹೋಗಿ ಕ್ಯಾಸೆಟ್ ತಿರುಗಿಸಿ ಹಾಕುತ್ತಿದ್ದೆ.

ಮೈಸೂರಿನಲ್ಲಿ ಬೆಳೆದ ನನ್ನ ವಯಸ್ಸಿನ ಬಹಳ ಜನರ ಮನೆಯಲ್ಲಿ ಇದೇ ನಡೆದಿರಬೇಕು. 'ಮೈಸೂರು ಮಲ್ಲಿಗೆ' ಅಚ್ಚಾದದ್ದು 1942ರಲ್ಲಿ, ಪುಸ್ತಕವಾಗಿ. ನಮಗೆ ಅದು ಸಿಕ್ಕಿದ್ದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಪುಸ್ತಕ ಕೈಗೆ ಬರುವ ಹೊತ್ತಿಗೆ ಅದರಲ್ಲಿದ್ದ ಎಷ್ಟೋ ಕವಿತೆಗಳು ನನಗೆ ಬಾಯಿಪಾಠ ಆಗಿಬಿಟ್ಟಿದ್ದವು. ಇವತ್ತಿಗೂ ಪುಟ ತೆರೆದರೆ ಅಕ್ಷರಕ್ಕಿಂತ ಮೊದಲು ಧಾಟಿ ಬರುತ್ತದೆ. ಮೊದಲ ಸಾಲು ಮುಗಿದ ಕೂಡಲೇ ಕೊಳಲು ಬರಬೇಕು ಅಂತ ಕಿವಿ ಕಾಯುತ್ತದೆ. ಪುಟದಲ್ಲಿ ಕೊಳಲು ಎಲ್ಲಿಂದ ಬರಬೇಕು? ಎರಡನೇ ಸಾಲು ಇರುತ್ತದೆ, ಅಷ್ಟೆ.

ಕನ್ನಡದಲ್ಲಿ ಸಂಗೀತಕ್ಕೊಂದು ಕಪಾಟು, ಪುಸ್ತಕಕ್ಕೊಂದು ಕಪಾಟು ಮಾಡುವುದು ನನ್ನಿಂದ ಆಗುವುದಿಲ್ಲ. ನಮ್ಮಲ್ಲಿ ಕವಿತೆ ಜನರ ಬಾಯಿಗೆ ಬಂದಿರುವುದು ಕಿವಿಯ ದಾರಿಯಿಂದ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿ ಅವರ ಜೊತೆ ಊರೂರು ಸುತ್ತಿ ಹಾಡಿದ್ದರಿಂದ ಎಷ್ಟು ಕವಿಗಳ ಹೆಸರು ಎಷ್ಟು ಮನೆ ಹೊಕ್ಕಿತು, ಲೆಕ್ಕ ಇಟ್ಟವರಿಲ್ಲ. ಆಮೇಲೆ ರೇಡಿಯೋ. ಅದರಲ್ಲಿ ನಮ್ಮ ಊರಿಗೆ ಒಂದು ಹೆಮ್ಮೆ ಇದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ನಿಂತದ್ದು ಅಲ್ಲಿಂದ. ಒಬ್ಬ ಮೇಷ್ಟ್ರ ಮನೆಯಿಂದ ಹೊರಟ ದನಿ! ನಾನೂ ಮೇಷ್ಟ್ರ ಕೆಲಸದವಳು. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ, ಬಿಡುವಾದಾಗ ಕಥೆ ಬರೆಯುತ್ತೇನೆ. ಯಾದವಗಿರಿಯ ಆಕಾಶವಾಣಿ ಕಟ್ಟಡದ ಮುಂದೆ ಹೋಗುವಾಗೆಲ್ಲ ಆ ಮನೆ ನೆನಪಾಗಿ ಖುಷಿಯಾಗುತ್ತದೆ.

ಆಮೇಲೆ ಬಂದದ್ದು 1978ರ 'ನಿತ್ಯೋತ್ಸವ'. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಅದು. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಭೂವಿಜ್ಞಾನ ಪಾಠ ಮಾಡುತ್ತಿದ್ದ ಒಬ್ಬ ಕವಿಯ ಸಾಲುಗಳು ಮದುವೆ ಮನೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಮೊಳಗಿದವು. ಕವನ ಸಂಕಲನ ಕೊಳ್ಳುವ ಅಭ್ಯಾಸವೇ ಇಲ್ಲದ ಮನೆಗಳಿಗೆ ಕವಿತೆ ಹೋಯಿತು. ಇದು ಸಣ್ಣ ಮಾತಲ್ಲ. 'ಹಾಡಿದರೆ ಕವಿತೆ ಕೆಡುತ್ತದೆ' ಎನ್ನುವವರನ್ನು ನಾನು ಸಾಹಿತ್ಯದ ಸಭೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಅವರು ನನ್ನ ಅಮ್ಮನನ್ನು ನೋಡಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ದಿನಪತ್ರಿಕೆ, ಪಂಚಾಂಗ ಬಿಟ್ಟರೆ ಓದು ಕಡಿಮೆ. ಆದರೆ ಬೇಂದ್ರೆ, ಕುವೆಂಪು, ನರಸಿಂಹಸ್ವಾಮಿ, ನಿಸಾರ್, ಜಿ.ಎಸ್. ಶಿವರುದ್ರಪ್ಪ, ಇವರೆಲ್ಲರ ಸಾಲು ಅವಳ ನಾಲಿಗೆ ಮೇಲಿದೆ. ಅನ್ನಕ್ಕೆ ನೀರಿಡುವಾಗ ಒಂದು, ಬಟ್ಟೆ ಹಿಂಡುವಾಗ ಒಂದು. ಸಂದರ್ಭ ನೋಡಿ ಸರಿಯಾದ ಸಾಲನ್ನೇ ತೆಗೆಯುತ್ತಾಳೆ. ಕವಿತೆ ಕೆಟ್ಟಿದ್ದರೆ ಇದು ಆಗುತ್ತಿತ್ತಾ?

ಹಾಗಂತ ಧಾಟಿ ಏನನ್ನೂ ಬಿಡಲಿಲ್ಲ ಅಂತಲೂ ಹೇಳಲಾರೆ. ಕ್ಯಾಸೆಟ್ಟಿಗೆ ಅದರದ್ದೇ ಅಳತೆ ಇತ್ತು. ಅರವತ್ತು ನಿಮಿಷದ ಕ್ಯಾಸೆಟ್ ಅಂದರೆ ಬದಿಗೆ ಮೂವತ್ತು ನಿಮಿಷ. ಅದರಲ್ಲಿ ನಾಲ್ಕೈದು ಹಾಡು. ಶುರುವಿನಲ್ಲಿ ಪಿಟೀಲು, ನಡುವೆ ಕೊಳಲು, ಪ್ರತಿ ಚರಣ ಮುಗಿದ ಮೇಲೆ ಮತ್ತೆ ಪಲ್ಲವಿ. ಕವಿ ಬರೆಯುವಾಗ ಪಲ್ಲವಿ ಅಂತ ಬರೆದಿರುವುದಿಲ್ಲ. ಮೊದಲ ಸಾಲನ್ನು ಒಂದೇ ಸಲ ಹೇಳಿ ಮುಂದೆ ಹೋಗಿರುತ್ತಾನೆ. ಹಾಡಿನಲ್ಲಿ ಅದೇ ಸಾಲು ಮತ್ತೆ ಮತ್ತೆ ಬರಬೇಕು, ಅದಕ್ಕೆ ಜಾಗ ಬೇಕು. ಉದ್ದದ ಕವಿತೆಯಾದರೆ ಮೂರು ನುಡಿ ಉಳಿಯುತ್ತದೆ, ಮಿಕ್ಕದ್ದು ಪುಸ್ತಕದಲ್ಲೇ ಕೂತಿರುತ್ತದೆ.

ಆ ಮಿಕ್ಕದ್ದರ ರುಚಿ ಹತ್ತಿದ್ದು ಈಚೆಗೆ. ಅಮ್ಮನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವಳು ಹಜಾರದಲ್ಲಿ ಕಾಲು ಚಾಚಿಕೊಂಡು ಕೂತು, ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಓದುತ್ತಿದ್ದೆ. ಗಂಡ ಹೆಂಡತಿ ಮಾತಾಡಿಕೊಳ್ಳುವ ಒಂದು ಕವಿತೆ. ಅವಳಿಗೆ ಚೆನ್ನಾಗಿ ಗೊತ್ತಿರುವ ಹಾಡು. ಮೊದಲ ಎರಡು ನುಡಿಗೆ ಅವಳೂ ಗುನುಗಿದಳು. ಮೂರನೇ ನುಡಿ ಬಂತು. ಅವಳ ಬೆರಳು ನಿಂತವು. ಒಂದು ಕಾಳು ಅರ್ಧ ಹಿದುಕಿದ ಹಾಗೇ ಇತ್ತು, ಸಿಪ್ಪೆಯಿಂದ ಬೇಳೆಯ ತುದಿ ಮಾತ್ರ ಇಣುಕಿತ್ತು.

'ಇದು ಎಲ್ಲಿತ್ತೇ?'

'ಪುಸ್ತಕದಲ್ಲೇ ಇದೆಯಮ್ಮ. ಹಾಡಲ್ಲಿ ಬಿಟ್ಟಿದ್ದಾರೆ.'

'ಇನ್ನೊಂದ್ಸಲ ಓದು.'

ಓದಿದೆ. ಅವಳು ಅದನ್ನು ಹಳೆ ಧಾಟಿಗೆ ಕೂರಿಸಲು ನೋಡಿದಳು. ಮೊದಲ ಸಾಲು ಸಲೀಸಾಗಿ ಕೂತಿತು. ಎರಡನೇ ಸಾಲಿನ ಕೊನೆಗೆ ಒಂದು ಮಾತ್ರೆ ಹೆಚ್ಚಾದ ಹಾಗಾಯಿತು. ಅಲ್ಲಿ ಸ್ವಲ್ಪ ಬೇಗ ಹೇಳಿ ನೋಡಿದಳು, ಆಗಲಿಲ್ಲ. ಆಮೇಲೆ ಧಾಟಿಯನ್ನೇ ಚೂರು ಬದಲಾಯಿಸಿದಳು. ಮೇಲಕ್ಕೆ ಹೋಗಬೇಕಾದ ಜಾಗದಲ್ಲಿ ಕೆಳಗೇ ಉಳಿದಳು. ಈಗ ಸಾಲು ಕೂತಿತು. ಕೂತದ್ದು ಮಾತ್ರ ಅಲ್ಲ, ಹೆಂಡತಿ ಮಾತು ತಗ್ಗಿಸಿ ಹೇಳುವ ಜಾಗ ಅದು, ತಗ್ಗಿದ ಸ್ವರವೇ ಅದಕ್ಕೆ ಸರಿಯಾಗಿತ್ತು. ಸಂಗೀತ ಕಲಿತವಳಲ್ಲ ನನ್ನ ಅಮ್ಮ. ಐವತ್ತು ವರ್ಷ ಕೇಳಿದವಳು. ಆ ಕಿವಿ ಎಷ್ಟು ದೊಡ್ಡ ವಿದ್ಯೆ ಅಂತ ಆವತ್ತು ಕಂಡೆ.

ಅಲ್ಲಿಂದ ನಮ್ಮಿಬ್ಬರಿಗೂ ಇದು ಅಭ್ಯಾಸವಾಗಿದೆ. ಗೊತ್ತಿರುವ ಹಾಡಿನ ಪುಸ್ತಕ ತೆಗೆಯುವುದು, ಹಾಡಲ್ಲಿ ಇಲ್ಲದ ನುಡಿ ಹುಡುಕುವುದು, ಜೋರಾಗಿ ಓದುವುದು. ಕೆಲವು ಕಡೆ ಸಂಗೀತಗಾರರು ಬಿಟ್ಟದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಇನ್ನು ಕೆಲವು ಕಡೆ ಕವಿತೆಯ ತಿರುವೇ ಆ ಬಿಟ್ಟ ನುಡಿಯಲ್ಲಿರುತ್ತದೆ. ಹಾಡು ಪ್ರೀತಿಯಲ್ಲಿ ಮುಗಿದರೆ ಕವಿತೆ ಮನೆ, ಸಂಬಳ, ಕಾಯಿಲೆ ಎಲ್ಲವನ್ನೂ ಹಾದು ಬಂದು ಪ್ರೀತಿಗೆ ಮರಳುತ್ತದೆ. ಅದು ತಿಳಿದ ಮೇಲೆ ಮತ್ತೆ ಹಾಡು ಕೇಳಿದರೆ ಹಾಡೂ ದೊಡ್ಡದಾಗಿ ಕೇಳುತ್ತದೆ.

ಶಾಲೆಯಲ್ಲಿ ನನ್ನ ದಿನ ಶುರುವಾಗುವುದೂ ಹಾಡಿದ ಕವಿತೆಯಿಂದಲೇ. ನಾಡಗೀತೆ. ಕುವೆಂಪು ಅವರ ಈ ಕವಿತೆ 2004ರಲ್ಲಿ ಅಧಿಕೃತ ನಾಡಗೀತೆಯಾಯಿತು. ಆದರೆ ಯಾವ ಧಾಟಿ, ಎಷ್ಟು ಹೊತ್ತು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಅನಂತಸ್ವಾಮಿ ಅವರ ಧಾಟಿಯೋ, ಸಿ. ಅಶ್ವಥ್ ಅವರ ಧಾಟಿಯೋ? ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು ಆದೇಶ ಹೊರಡಿಸಿತು. ಒಂದು ಕವಿತೆಯ ಧಾಟಿಗಾಗಿ ಇಷ್ಟು ಜನ ಇಷ್ಟು ವರ್ಷ ಮಾತಾಡಿದ್ದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ. ಜನಕ್ಕೆ ಬೇಡವಾದದ್ದರ ಬಗ್ಗೆ ಯಾರು ಜಗಳ ಆಡುತ್ತಾರೆ?

ಆ ಗೀತೆಯಲ್ಲಿ ಕವಿಗಳ ಹೆಸರು ಸಾಲಾಗಿ ಬರುವ ಜಾಗ ಇದೆಯಲ್ಲ, ರನ್ನ, ಪಂಪ, ಲಕುಮಿಪತಿ, ಜನ್ನ, ಕುಮಾರವ್ಯಾಸ, ಅಲ್ಲಿಗೆ ಬಂದಾಗ ಮಕ್ಕಳ ದನಿ ಏರುತ್ತದೆ. ಒಂದನೇ ಕ್ಲಾಸಿನಿಂದ ಹಾಡುತ್ತಾ ಬಂದಿರುತ್ತಾರೆ. ಯಾರು ಇವರು ಅಂತ ಗೊತ್ತಿರುವುದಿಲ್ಲ. ಹತ್ತನೇ ಕ್ಲಾಸಿಗೆ ಬಂದಾಗ ಒಬ್ಬೊಬ್ಬರೇ ಎದುರಾಗುತ್ತಾರೆ. ನಾನು ಪಾಠ ಮಾಡುವ ಪುಸ್ತಕದಲ್ಲಿ ಕುಮಾರವ್ಯಾಸನ ಕರ್ಣ ಇದ್ದಾನೆ, ರನ್ನನ ದುರ್ಯೋಧನ ಇದ್ದಾನೆ, ಲಕ್ಷ್ಮೀಶನ ಲವ ಇದ್ದಾನೆ, ಪಂಪನ ದ್ರೋಣ ಇದ್ದಾನೆ. ಲಕ್ಷ್ಮೀಶನ ಪಾಠದ ದಿನ 'ಮಿಸ್, ಲಕುಮಿಪತಿ ಅಂದ್ರೆ ಇವನೇನಾ?' ಎಂದು ಒಬ್ಬಳು ಕೇಳಿದಾಗ ಇಡೀ ಕ್ಲಾಸು ಒಂದು ಸಲ ತಲೆ ಎತ್ತಿತು. ಹತ್ತು ವರ್ಷ ದಿನಾ ಬೆಳಿಗ್ಗೆ ಕರೆದ ಹೆಸರಿನವನು ಸಿಕ್ಕಿದ್ದ.

ಪರೀಕ್ಷೆಗೆ ಷಟ್ಪದಿಯ ಪ್ರಸ್ತಾರ ಹಾಕುವ ಪ್ರಶ್ನೆ ಇರುತ್ತದೆ. ಮಕ್ಕಳಿಗೆ ಲಘು ಗುರು ಅಂದರೆ ಗಣಿತದಷ್ಟೇ ಬೇಸರ. ನಾನು ಬೋರ್ಡ್ ಬಿಟ್ಟು ಬೆಂಚು ಬಡಿಸುತ್ತೇನೆ. ಭಾಮಿನಿ ಷಟ್ಪದಿ ಅಂದರೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಕರ್ಣನಿಗೆ ಅವನ ಹುಟ್ಟನ್ನು ಕೃಷ್ಣ ಹೇಳಿದ ಮೇಲೆ ಬರುವ ಪದ್ಯ ತೆಗೆದುಕೊಳ್ಳಿ. 'ಕೊರಳ ಸೆರೆ ಹಿಗ್ಗಿದವು ದೃಗುಜಲ' ಎಂದು ಶುರು. ಗಣ ಬಿಡಿಸಿದರೆ ಹೀಗಾಗುತ್ತದೆ: ಕೊರಳ, ಸೆರೆಹಿಗ್, ಗಿದವು, ದೃಗುಜಲ. ಬೆಂಚಿನ ಮೇಲೆ ಸರಿಯಾಗಿ ಬೀಳುತ್ತದೆ. ಹುಡುಗರಿಗೆ ಖುಷಿಯೋ ಖುಷಿ. ಆದರೆ 'ಹಿಗ್ಗಿದವು' ನಡುವೆ ಮುರಿದು ಹೋಯಿತು. ಕತ್ತಿನ ನರ ಉಬ್ಬಿ ಬರುವ ಹೊತ್ತಿನಲ್ಲಿ ಪದವೇ ಎರಡು ತುಂಡು.

ಆಮೇಲೆ ಅದೇ ಸಾಲನ್ನು ಗಮಕದ ರೀತಿಯಲ್ಲಿ ಓದುತ್ತೇನೆ. 'ಕೊರಳ ಸೆರೆ' ಎಂದು ನಿಲ್ಲುವುದು. 'ಹಿಗ್ಗಿದವು' ಎನ್ನುವುದನ್ನು ಇಡಿಯಾಗಿ, ಸ್ವಲ್ಪ ಎಳೆದು. ತಾಳ ಇಲ್ಲ. ಲೆಕ್ಕ ಒಳಗೆ ಇದ್ದೇ ಇದೆ, ಆದರೆ ಅದು ಪದವನ್ನು ಒಡೆಯುವುದಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ: 'ಮಿಸ್, ಇದು ಹಾಡಾ, ಓದಾ?'

ಗಮಕ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಒಬ್ಬರು ಕಾವ್ಯವನ್ನು ರಾಗದಲ್ಲಿ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಶುರುವಿಗೆ ನಾಟ, ದುಃಖಕ್ಕೆ ಮುಖಾರಿ, ಸಿಟ್ಟಿಗೆ ಅಠಾಣ, ಮಂಗಳಕ್ಕೆ ಮಧ್ಯಮಾವತಿ, ಹೀಗೆ ರಾಗ ಬದಲಾಗುತ್ತಾ ಹೋಗುತ್ತದೆ. ಆದರೆ ಕಛೇರಿಯ ಹಾಗೆ ರಾಗ ಬೆಳೆಸುತ್ತಾ ಕೂರುವಂತಿಲ್ಲ. ಮಾತು ಸ್ಪಷ್ಟವಾಗಿ ಕೇಳಬೇಕು. ಅರ್ಥ ಎಲ್ಲಿ ನಿಲ್ಲುತ್ತದೋ ರಾಗವೂ ಅಲ್ಲೇ ನಿಲ್ಲಬೇಕು. ಶಿವಮೊಗ್ಗದ ಹತ್ತಿರ ತುಂಗೆಯ ಆಚೆ ಈಚೆ ದಡದಲ್ಲಿ ಮತ್ತೂರು, ಹೊಸಹಳ್ಳಿ ಎಂಬ ಊರುಗಳಿವೆ. ಅಲ್ಲಿ ಗಮಕ ಮನೆಮನೆಯ ವಿದ್ಯೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ವಾಚನದ ಧ್ವನಿಮುದ್ರಣ ಹಾಕಿ ಕ್ಲಾಸಿನಲ್ಲಿ ಕೇಳಿಸಿದ್ದೇನೆ. ಹಳಗನ್ನಡ, ನಡುಗನ್ನಡ ಅಂದರೆ ಮೂಗು ಮುರಿಯುವ ಮಕ್ಕಳು ಅರ್ಥ ಪೂರ್ತಿ ಆಗದಿದ್ದರೂ ಸುಮ್ನೆ ಕೂತು ಕೇಳಿದರು. ಅರ್ಧ ಅರ್ಥ ದನಿಯಿಂದಲೇ ಆಗಿತ್ತು.

ಧಾಟಿಗೆ ಕವಿತೆ ತಗ್ಗಬೇಕೋ, ಕವಿತೆಗೆ ಧಾಟಿ ತಗ್ಗಬೇಕೋ ಅಂದರೆ ನನ್ನ ಮತ ಗಮಕಕ್ಕೆ. ಕ್ಯಾಸೆಟ್ಟಿನ ಹಾಡುಗಳಲ್ಲೂ ನನ್ನನ್ನು ಹಿಡಿದು ನಿಲ್ಲಿಸುವುದು ಪದಕ್ಕಾಗಿ ಕಾಯುವ ಹಾಡುಗಳೇ. ಅಶ್ವಥ್ ಅವರ ದೊಡ್ಡ ದನಿಯ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಅವರು ಇಷ್ಟವಾಗುವುದು ದನಿ ತಗ್ಗಿಸುವ ಕಡೆಗಳಲ್ಲಿ. ಶಿಶುನಾಳ ಶರೀಫರ ಪದಗಳನ್ನು ಅವರು ಹಾಡುವಾಗ ಕೆಲವು ಕಡೆ ಪಕ್ಕದಲ್ಲಿ ಕೂತವನಿಗೆ ಗುಟ್ಟು ಹೇಳಿದ ಹಾಗೆ ಹೇಳುತ್ತಾರೆ. ಅಂದಹಾಗೆ ಶರೀಫರ ಪದಗಳು ಪುಸ್ತಕದಿಂದ ಹಾಡಿಗೆ ಬಂದವಲ್ಲ. 1889ರಲ್ಲಿ ಶರೀಫರು ತೀರಿಕೊಂಡ ಮೇಲೂ ಭಜನೆಯವರ ಬಾಯಲ್ಲಿ ಉಳಿದು, ಆಮೇಲೆ ಪುಸ್ತಕ ಸೇರಿದವು. ಅಲ್ಲಿ ಪುಸ್ತಕವೇ ಹಾಡನ್ನು ಕೇಳಿ ಬರೆದುಕೊಂಡಿತು.

ಅಶ್ವಥ್ ಹುಟ್ಟಿದ್ದು ಡಿಸೆಂಬರ್ 29, ತೀರಿಕೊಂಡದ್ದೂ 2009ರ ಡಿಸೆಂಬರ್ 29. ಅದು ಕುವೆಂಪು ಹುಟ್ಟಿದ ದಿನವೂ ಹೌದು. ಮಾರನೇ ದಿನವೇ ವಿಷ್ಣುವರ್ಧನ್ ಹೋದರು. ಆ ಎರಡು ದಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಟಿವಿಯೂ ಆರಿರಲಿಲ್ಲ. ಅಮ್ಮ ಬೇರೆ ಏನೂ ಹೇಳಲಿಲ್ಲ. ಟೇಪ್ ರೆಕಾರ್ಡರ್ ಕೆಟ್ಟು ಬಹಳ ಕಾಲವಾಗಿತ್ತು, ಆದರೂ ಕ್ಯಾಸೆಟ್ಟಿನ ಡಬ್ಬಿಗಳನ್ನು ತೆಗೆದು ಒಂದೊಂದಾಗಿ ಒರೆಸಿಟ್ಟಳು.

ಗದ್ಯಕ್ಕೂ ದನಿ ಇದೆ ಅಂತ ನಾನು ಕಲಿತದ್ದು ಇದೇ ಅಭ್ಯಾಸದಿಂದ. ಈಗ ನನ್ನ ಕಥೆಯ ಕರಡನ್ನು ಜೋರಾಗಿ ಓದದೆ ಯಾರಿಗೂ ಕಳಿಸುವುದಿಲ್ಲ. ಓದುವಾಗ ಉಸಿರು ಎಲ್ಲಿ ಕಟ್ಟುತ್ತದೋ ಅಲ್ಲಿ ವಾಕ್ಯ ಸರಿಯಿಲ್ಲ ಎಂದರ್ಥ. ಪಾತ್ರ ಆಡಿದ ಮಾತು ನನ್ನ ಬಾಯಿಗೆ ಬರದಿದ್ದರೆ ಅದು ಆ ಪಾತ್ರದ ಮಾತಲ್ಲ. ಬಸ್ಸಿನಲ್ಲಿ ಕೂತಾಗ ಕಾದಂಬರಿ ಓದುತ್ತೇನೆ, ತುಟಿ ಅಲ್ಲಾಡುತ್ತಿರುತ್ತದೆ. ಪಕ್ಕದವರು ಸ್ತೋತ್ರ ಅಂದುಕೊಳ್ಳುತ್ತಾರೋ ಏನೋ. ನಮ್ಮ ಅಗ್ರಹಾರದ ಟೈಲರ್ ಒಬ್ಬರಿದ್ದಾರೆ. ಅವರ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ರೇಡಿಯೋ. ಹಾಡು ಶುರುವಾದರೆ ಹೊಲಿಗೆ ನಿಲ್ಲುವುದಿಲ್ಲ, ಕಥೆ ಓದಿದರೆ ನಿಲ್ಲುತ್ತದೆ. 'ಹಾಡಾದ್ರೆ ಗೊತ್ತಿರುತ್ತೆ ಮೇಡಂ, ಕಥೆ ಮುಂದೇನಾಗುತ್ತೋ ಗೊತ್ತಿರಲ್ವಲ್ಲ' ಎಂದರು ಒಂದು ಸಲ, ಬ್ಲೌಸಿನ ತೋಳಿಗೆ ಕಚ್ಚಾ ಹಾಕುತ್ತಾ. ಗೊತ್ತಿರುವುದನ್ನು ಕೆಲಸದ ಜೊತೆ ಕೇಳುವುದು, ಗೊತ್ತಿಲ್ಲದ್ದಕ್ಕೆ ಕೈ ಬಿಟ್ಟು ಕೂರುವುದು. ನನಗೆ ಇದು ಬಹಳ ಸರಿ ಅನ್ನಿಸಿತು. ಪೂರ್ತಿ ಗಮನ ಕೊಟ್ಟು ಕೇಳಿದರೆ ಮಾತ್ರ ಸಂಗೀತ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಮ್ಮ ಕೇಳಿದ್ದೆಲ್ಲ ಕೆಲಸದ ಜೊತೆ ಕೇಳಿದ್ದೇ.

ಈ ವಾರ ಕ್ಲಾಸಿನಲ್ಲಿ ಪಂಪ ಶುರುವಾಗಿದ್ದಾನೆ. ಬಾಲ್ಯದ ಗೆಳೆಯ ದ್ರುಪದನ ಹತ್ತಿರ ದ್ರೋಣ ಸಹಾಯ ಕೇಳಿಕೊಂಡು ಹೋಗುತ್ತಾನೆ. ದ್ರುಪದ ಗುರುತೇ ಇಲ್ಲದವನ ಹಾಗೆ ಮಾತಾಡುತ್ತಾನೆ. ಕಂದಪದ್ಯಕ್ಕೆ ಷಟ್ಪದಿಯ ಹಾಗೆ ಬೆಂಚು ಬಡಿಯಲು ಬರುವುದಿಲ್ಲ. ಎಲ್ಲ ನಾಲ್ಕು ಮಾತ್ರೆಯ ಗಣವೇ, ಆದರೆ ಒಂದು ಸಾಲಿಗೆ ಮೂರು, ಮುಂದಿನ ಸಾಲಿಗೆ ಐದು. ಹುಡುಗರು ಮೂರಕ್ಕೆ ನಿಲ್ಲಿಸಿ ಮುಂದಿನ ಸಾಲಲ್ಲಿ ಮುಗ್ಗರಿಸುತ್ತಾರೆ. ಹಾಗಾಗಿ ಈ ಸಲ ರಾಗದಿಂದಲೇ ಶುರು ಮಾಡೋಣ ಎಂದೆ. 'ಅವಮಾನ ಆಗಿದೆ, ಯಾವ ರಾಗ?' ಎಂದು ಕೇಳಿದೆ. ಹಿಂದಿನ ಬೆಂಚಿನವನು ಕೂಡಲೇ 'ಸಿಟ್ಟಿನ ರಾಗ ಮಿಸ್, ಅಠಾಣ' ಎಂದ. ಸಂಗೀತ ಪಾಠಕ್ಕೆ ಹೋಗುವ ಒಬ್ಬ ಹುಡುಗಿ ಒಪ್ಪಲಿಲ್ಲ. 'ಅವಮಾನ ಆದಾಗ ಮೊದ್ಲು ಸಿಟ್ಟು ಬರಲ್ಲ ಮಿಸ್, ಗಂಟಲು ಕಟ್ಟುತ್ತೆ. ಕರ್ಣನಿಗೂ ಹಾಗೇ ಆಯ್ತಲ್ಲ. ಮುಖಾರಿ ಮೊದ್ಲು' ಎಂದಳು. ಅರ್ಧ ಕ್ಲಾಸು ಅವಳ ಕಡೆ, ಅರ್ಧ ಅವನ ಕಡೆ. ಮುಖಾರಿಯಲ್ಲಿ ಶುರು ಮಾಡಿದರೂ ಅಠಾಣ ಯಾವ ಪದ್ಯದಿಂದ ಬರಬೇಕು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಗುರುವಾರದ ಪಿರಿಯಡ್ಡಿಗೆ ಇಬ್ಬರೂ ತಮ್ಮ ತಮ್ಮ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಬರಬೇಕು, ಕಾರಣ ಸಮೇತ.